ರೊಟ್ಟಿ ಬಡಿಯುವ ಸದ್ದಿರುವಲ್ಲಿ ಊಟ

ಸೊಲ್ಲಾಪುರ, ಅಕ್ಕಲಕೋಟ, ಮಂಗಳವೇಢೆ ಕಡೆಗೆ ಹೋದವರು ಊಟಕ್ಕೆ ಖಾನಾವಳಿ ಹುಡುಕುವಾಗ ಫಲಕದ ಹೆಸರಿಗಿಂತ ಒಳಗಿನ ಸದ್ದಿಗೆ ಕಿವಿಗೊಡಬೇಕು. ಪಟಪಟನೆ ರೊಟ್ಟಿ ಬಡಿಯುವುದು ಕೇಳಿಸಿದರೆ ಒಳಗೆ ಹೋಗಿ ಕೂಡಬಹುದು. ಕೇಳಿಸದಿದ್ದರೆ ಇನ್ನೂ ನಾಲ್ಕು ಹೆಜ್ಜೆ ನಡೆಯುವುದು ಲೇಸು. ಈ ಸೀಮೆಯ ಖಾನಾವಳಿಗೆ ಬಣ್ಣದ ಗೋಡೆ, ಮೆತ್ತನೆಯ ಕುರ್ಚಿ ಯಾವುದೂ ಬೇಕಿಲ್ಲ. ಹಂಚಿನಿಂದ ಎತ್ತಿದ ರೊಟ್ಟಿ ಆರುವ ಮೊದಲೇ ತಾಟಿಗೆ ಬಂದರೆ ಅರ್ಧ ಊಟ ಗೆದ್ದಂತೆ.

ಜೋಳದ ಹಿಟ್ಟಿಗೆ ಗೋಧಿಯ ಅಂಟಿಲ್ಲ. ಕುದಿಯುವ ಎಸರು ಹಾಕಿ, ಒಂದಿಷ್ಟು ಹಿಟ್ಟು ಅದರಲ್ಲಿ ಬೆಂದ ಮೇಲೆ ಉಳಿದದ್ದನ್ನು ಕೂಡಿಸಿ, ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದಿದರೆ ಮಾತ್ರ ಅದು ಒಂದಾಗುತ್ತದೆ. ಬೀಸಿ ಬಹಳ ದಿನವಾದ ಹಿಟ್ಟಿನ ಜಿಗುಟು ಹೋಗಿರುತ್ತದೆ, ಬಡಿಯುವಾಗಲೇ ಅಂಚು ಸೀಳುತ್ತದೆ. ಅದಕ್ಕೇ ರೊಟ್ಟಿಗೆ ಹೆಸರಾದ ಖಾನಾವಳಿಯವರು ಹಿಟ್ಟು ಕೂಡಿಡುವುದಿಲ್ಲ, ಜೋಳ ಕೂಡಿಡುತ್ತಾರೆ. ಗಿರಣಿಗೆ ಮತ್ತೆ ಮತ್ತೆ ಹೋಗುತ್ತಾರೆ. ನಾದಿದ ಉಂಡೆಯನ್ನು ಒಣಹಿಟ್ಟಿನ ಮೇಲಿಟ್ಟು ಬಡಿಯತೊಡಗಿದರೆ ಕೈ ಎದ್ದು ಬಿದ್ದಂತೆಲ್ಲ ರೊಟ್ಟಿ ತಾನೇ ಸುತ್ತುತ್ತ ಅಗಲವಾಗುತ್ತದೆ. ಹಂಚಿಗೆ ಹಾಕಿದೊಡನೆ ಒದ್ದೆ ಬಟ್ಟೆಯಿಂದ ಮೇಲೆಲ್ಲ ನೀರು ಸವರಬೇಕು. ಆ ನೀರು ಆರುತ್ತಿದ್ದ ಹಾಗೆ ಮಗುಚಬೇಕು. ತಡಮಾಡಿದರೆ ಬಿರುಕು, ಅವಸರ ಮಾಡಿದರೆ ಹಸಿ. ಕೊನೆಗೆ ಬೆಂಕಿಗೆ ಒಡ್ಡಿದಾಗ ಎರಡು ಪದರ ಬಿಟ್ಟುಕೊಂಡು ಉಬ್ಬುತ್ತದೆ. ಒಲೆಯ ಮುಂದೆ ಕೂತ ಹೆಣ್ಣುಮಗಳು ಒಂದನ್ನು ಬಡಿಯುತ್ತ, ಇನ್ನೊಂದನ್ನು ಹಂಚಿನ ಮೇಲೆ, ಮತ್ತೊಂದನ್ನು ಕೆಂಡದ ಬದಿಯಲ್ಲಿ ನೋಡಿಕೊಳ್ಳುತ್ತಿರುತ್ತಾಳೆ. ಹೊರಗೆ ಎಷ್ಟು ಮಂದಿ ಕೂತಿದ್ದಾರೆ, ಯಾರ ತಾಟು ಬರಿದಾಗಿದೆ ಎಂಬ ಲೆಕ್ಕವೂ ಅವಳಲ್ಲಿರುತ್ತದೆ. ಈಗ ರೊಟ್ಟಿ ಮಾಡುವ ಯಂತ್ರಗಳೂ ಬಂದಿವೆ. ತಿಂಗಳುಗಟ್ಟಲೆ ಇಡುವ ಖಡಕ್ ರೊಟ್ಟಿಗೆ ಅವು ಒಗ್ಗಬಹುದು. ಮೆತ್ತನೆಯ ಬಿಸಿ ರೊಟ್ಟಿ ಮಾತ್ರ ನುರಿತ ಕೈಯದೇ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ತಾಟು ಬರುವುದಕ್ಕೂ ಒಂದು ಕ್ರಮವಿದೆ. ಮೊದಲು ಉಪ್ಪು, ನಿಂಬೆಹಣ್ಣಿನ ಹೋಳು, ಹಸಿ ಉಳ್ಳಾಗಡ್ಡಿ, ಸೌತೆಕಾಯಿ. ಕಾಲ ನೋಡಿ ಹಸಿ ಮೆಂತೆ ಅಥವಾ ಹಕ್ಕರಕಿ ಸೊಪ್ಪು. ಬದಿಗೆ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ ಇವುಗಳಲ್ಲಿ ಒಂದೆರಡು. ಆಮೇಲೆ ಒಂದು ಕಾಳಿನ ಪಲ್ಲೆ, ಮಡಕಿಯದೋ ಹೆಸರಿನದೋ. ಇನ್ನೊಂದು ಎಣ್ಣೆಗಾಯಿ ಬದನೆ, ಇಲ್ಲವೆ ಪುಂಡಿಪಲ್ಲೆ, ಇಲ್ಲವೆ ಝುಣಕ. ಮೊಸರು. ರೊಟ್ಟಿ ಮುಗಿಯುವ ಹೊತ್ತಿಗೆ ಅನ್ನ ಸಾರು. ಸಾವಜಿ ಖಾನಾವಳಿಗಳಲ್ಲಿ ಪಲ್ಲೆಯ ಜಾಗಕ್ಕೆ ಕೆಂಪಗೆ ಖಾರವಾದ ಮಾಂಸದ ಸಾರು ಬರುತ್ತದೆ, ರೊಟ್ಟಿ ಅದೇ. ಆಯ್ಕೆ ಇಷ್ಟೇ. ಗಲ್ಲಾದಲ್ಲಿ ಕೂತವರು ಗಿರಾಕಿಯೊಡನೆ ಮರಾಠಿಯಲ್ಲಿ ಮಾತಾಡಿ, ಒಳಕ್ಕೆ ಕನ್ನಡದಲ್ಲಿ ‘ಎರಡು ತಾಟ್ ಹಚ್ರಿ’ ಎಂದು ಕೂಗುವುದನ್ನು ಅಕ್ಕಲಕೋಟದಲ್ಲಿ ಸಹಜವಾಗಿ ಕೇಳಬಹುದು.

ಶೇಂಗಾ ಚಟ್ನಿಯ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಸೊಲ್ಲಾಪುರದ ಹೆಸರನ್ನು ಚಾದರದಷ್ಟೇ ದೂರಕ್ಕೆ ಒಯ್ದದ್ದು ಅದು. ಹುರಿದು ಸಿಪ್ಪೆ ತೆಗೆದ ಶೇಂಗಾ, ಬಳ್ಳೊಳ್ಳಿ, ಒಣಖಾರ, ಜೀರಿಗೆ, ಉಪ್ಪು, ಇಷ್ಟೇ ಅದರ ಸಾಮಾನು. ಒರಳಿನಲ್ಲಿ ಹಾಕಿ ಕುಟ್ಟುತ್ತ ಹೋದರೆ ಕಾಳಿನ ಎಣ್ಣೆಯೇ ಬಿಟ್ಟುಕೊಂಡು ಚಟ್ನಿ ಉಂಡೆಗೂಡುವಷ್ಟು ಮುದ್ದೆಯಾಗುತ್ತದೆ. ಮಿಕ್ಸರಿನ ಅಲಗು ಕಾಳನ್ನು ಕತ್ತರಿಸಿ ಪುಡಿಮಾಡುತ್ತದೆ. ಒನಕೆ ಅದನ್ನು ಜಜ್ಜಿ ಎಣ್ಣೆ ಹೊರಡಿಸುತ್ತದೆ. ರುಚಿಯ ವ್ಯತ್ಯಾಸವೆಲ್ಲ ಅಲ್ಲಿದೆ. ಮೊಸರಿನಲ್ಲಿ ಕಲಸಿ ತಿನ್ನುವವರುಂಟು. ಮೇಲೆ ಹಸಿ ಕುಸುಬಿ ಎಣ್ಣೆ ಹಾಕಿಸಿಕೊಂಡು ಬಿಸಿ ರೊಟ್ಟಿಯೊಡನೆ ತಿಂದು ನೋಡಿ ಎಂಬುದು ನನ್ನ ಶಿಫಾರಸು. ಆ ಕುಸುಬಿಯೂ ಇಲ್ಲಿಯದೇ ಬೆಳೆ. ಅದರ ಮುಳ್ಳಿಗೆ ಹೆದರಿ ದನ ಒಳಗೆ ನುಗ್ಗುವುದಿಲ್ಲವೆಂದು ಜೋಳದ ಹೊಲದ ಅಂಚಿಗೆ ಬಿತ್ತುತ್ತಿದ್ದರು.

ಹೊಲದ ಮಾತು ಬಂದರೆ ಮಂಗಳವೇಢೆಗೇ ಹೋಗಬೇಕು. ಭೀಮೆಯ ದಂಡೆಗೆ ಹತ್ತಿರದ ಈ ತಾಲ್ಲೂಕಿನ ಎರೆಭೂಮಿ ಮಳೆಗಾಲದ ನೀರನ್ನು ಆಳದಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಬಿತ್ತಿದ ಹಿಂಗಾರಿ ಜೋಳ ಆ ಹಸಿಯ ಮೇಲೆಯೇ ಬೆಳೆದು ಫೆಬ್ರುವರಿ–ಮಾರ್ಚಿನಲ್ಲಿ ಕೊಯ್ಲಿಗೆ ಬರುತ್ತದೆ. ಮುತ್ತಿನಂಥ ದುಂಡನೆಯ ಬಿಳಿ ಕಾಳಿನ ಮಾಲದಂಡಿ ತಳಿ ಇಲ್ಲಿಯದು. ಇದರಿಂದಲೇ ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ ಆರಿಸಿ ತೆಗೆದ ಎಂ 35-1 ತಳಿ ದಖ್ಖನ್ ಪ್ರಸ್ಥಭೂಮಿಯ ತುಂಬ ಹರಡಿತು. ವಿಜಯಪುರದ ರೊಟ್ಟಿಗೂ ಅದೇ ಕಾಳು. 2016ರಲ್ಲಿ ಮಂಗಳವೇಢೆ ಜೋಳಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆಯಿತು. ಇದೇ ತಾಲ್ಲೂಕಿನ ನಂದೇಶ್ವರದಂಥ ಊರುಗಳು ಮಾತ್ರ ಮಳೆಯನ್ನೇ ನೆಚ್ಚಿದವು. ದಕ್ಷಿಣ ಭಾಗದ ಹಳ್ಳಿಗಳು ನೀರಿಗಾಗಿ ದಶಕಗಳಿಂದ ಕೇಳುತ್ತಲೇ ಬಂದಿವೆ. ಉಜನಿ ಅಣೆಕಟ್ಟಿನ ನೀರು ತಲುಪಿದ ಕಡೆ ಕಬ್ಬು ಬಂತು, ಜೋಳ ಹಿಂದೆ ಸರಿಯಿತು. ಆಳು ಸಿಕ್ಕದೆ ಜೋಳ ಕೀಳುವುದೇ ಕಷ್ಟವೆಂದು ಬಿಟ್ಟವರೂ ಇದ್ದಾರೆ. ಖಾನಾವಳಿಯಲ್ಲಿ ಒಂದು ರೊಟ್ಟಿ ಕೇಳಿ ಪಡೆದಾಗ ಆ ಬೆಳೆಗೆ ಒಬ್ಬ ಗಿರಾಕಿ ಉಳಿದಂತಾಗುತ್ತದೆ, ಇದು ಸಣ್ಣ ಸಂಗತಿಯಲ್ಲ.

ಮಂಗಳವೇಢೆಗೆ ಅನ್ನದ ಕಥೆಗಳು ಹೊಸವಲ್ಲ. ಬರಗಾಲದಲ್ಲಿ ಬೀದರಿನ ಸುಲ್ತಾನನ ಕಣಜ ತೆರೆದು ಹಸಿದವರಿಗೆ ಧಾನ್ಯ ಹಂಚಿದ ದಾಮಾಜಿ ಪಂತ ಈ ಊರಿನವನು. ಆ ಸಾಲ ತೀರಿಸಲು ವಿಠ್ಠಲನೇ ವೇಷ ಮರೆಸಿಕೊಂಡು ಬೀದರಿಗೆ ಹೋದನೆಂದು ವಾರಕರಿಗಳು ಇಂದಿಗೂ ಹಾಡುತ್ತಾರೆ.

ದೂರದ ಮೆಕ್ಸಿಕೋದವರು ಈ ಊಟವನ್ನು ನೋಡಿದರೆ ಬೇಗ ಗುರುತು ಹಿಡಿಯುತ್ತಾರೆ. ಅಲ್ಲಿ ಮೆಕ್ಕೆಜೋಳದ ತೊರ್ತಿಯಾ, ಇಲ್ಲಿ ಜೋಳದ ರೊಟ್ಟಿ. ಅಲ್ಲಿಯೂ ಹಂಚು, ಕಾಳು, ಮೆಣಸಿನಕಾಯಿ. ನಾವು ನಮ್ಮದೇ ಎಂದುಕೊಂಡ ಮೆಣಸಿನಕಾಯಿ, ಶೇಂಗಾ ಎರಡೂ ಅಮೆರಿಕ ಖಂಡಗಳಿಂದ ಹಡಗಿನಲ್ಲಿ ಬಂದವು. ಅಲ್ಲಿಯ ಊರೂರಿನಲ್ಲಿ ‘ಫೋಂಡಾ’ ಎಂಬ, ಮನೆಮಂದಿಯೇ ನಡೆಸುವ ಊಟದ ಅಂಗಡಿಗಳಿವೆ. ಮಧ್ಯಾಹ್ನಕ್ಕೆ ಸಾರು, ಅನ್ನ, ಒಂದು ಮುಖ್ಯ ಪದಾರ್ಥ ಎಂದು ಗೊತ್ತುಮಾಡಿದ ಊಟ ಸಿಗುತ್ತದೆ. ಮೆಕ್ಸಿಕೋದ ಸಾಂಪ್ರದಾಯಿಕ ಅಡುಗೆ 2010ರಲ್ಲಿ ಯುನೆಸ್ಕೋದ ಪರಂಪರೆಯ ಪಟ್ಟಿಗೆ ಸೇರಿತು. 2024ರಲ್ಲಿ ಮೆಕ್ಸಿಕೋ ನಗರದ ‘ಎಲ್ ಕಲಿಫಾ ದೆ ಲೆಯೋನ್’ ಎಂಬ ಪುಟ್ಟ ಟಾಕೋ ಅಂಗಡಿಗೆ ಮಿಶೆಲಿನ್ ನಕ್ಷತ್ರ ಬಂತು. 1968ರಿಂದ ನಡೆಯುತ್ತಿರುವ ಆ ಅಂಗಡಿಯಲ್ಲಿ ಮಾಡುವುದು ನಾಲ್ಕೇ ಬಗೆಯ ಟಾಕೋ, ತಿನ್ನುವುದು ನಿಂತುಕೊಂಡು. ಕಡಿಮೆ ಬಗೆ, ಬಿಸಿ ಹಂಚು, ಪಳಗಿದ ಕೈ: ನಮ್ಮ ಖಾನಾವಳಿಯ ಹಿರಿಮೆಯೂ ಇದರಲ್ಲೇ ಇದೆ. ಗೋಡೆಯ ಮೇಲೆ ನೂಡಲ್ಸ್, ಮಂಚೂರಿಯ ಪಟ್ಟಿ ಏರಿದ ಕಡೆ ರೊಟ್ಟಿಯ ಗತಿ ಇಳಿಯುವುದನ್ನು ಬೇಕಾದಷ್ಟು ಕಡೆ ನೋಡಿದ್ದೇನೆ.

ಇನ್ನೂ ಆಳದ ಸಂಬಂಧವೊಂದಿದೆ. ಮೆಕ್ಸಿಕೋದವರು ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ರುಬ್ಬುತ್ತಾರೆ. ಹಾಗೆ ಮಾಡಿದಾಗ ಕಾಳಿನೊಳಗೆ ಕಟ್ಟಿಕೊಂಡಿರುವ ನಯಾಸಿನ್ ಎಂಬ ಜೀವಸತ್ವ ದೇಹಕ್ಕೆ ದಕ್ಕುತ್ತದೆ. ಯುರೋಪಿನವರು ಕಾಳು ತಂದರು, ಸುಣ್ಣದ ವಿದ್ಯೆ ತರಲಿಲ್ಲ. ಮೆಕ್ಕೆಜೋಳವನ್ನೇ ನೆಚ್ಚಿದ ಬಡವರಿಗೆ ಆ ಜೀವಸತ್ವದ ಕೊರತೆಯಿಂದ ಪೆಲ್ಲಾಗ್ರ ಕಾಯಿಲೆ ಬಂತು. ದಖ್ಖನ್ನಿನಲ್ಲಿ ಜೋಳ ಬಿಟ್ಟು ಬೇರೇನೂ ಸಿಗದ ಬಡವರಲ್ಲಿಯೂ ಅದು ಕಾಣಿಸಿಕೊಂಡಾಗ ಹೈದರಾಬಾದಿನಲ್ಲಿ ಪೋಷಣಾ ವಿಜ್ಞಾನಿ ಸಿ. ಗೋಪಾಲನ್ ಮತ್ತು ಸಂಗಡಿಗರು 1960ರ ಸುಮಾರಿಗೆ ಅದರ ಕಾರಣ ಹುಡುಕಿ ಕೆಲಸ ಮಾಡಿದರು. ತಪ್ಪು ಜೋಳದ್ದು ಮಾತ್ರವಾಗಿರಲಿಲ್ಲ, ಜೋಳದ ಜೊತೆಗಿರಬೇಕಾದದ್ದು ಆ ತಾಟುಗಳಲ್ಲಿ ಇರಲಿಲ್ಲ. ಶೇಂಗಾದಲ್ಲಿ ನಯಾಸಿನ್ ಧಾರಾಳವಾಗಿದೆ. ಕಾಳುಪಲ್ಲೆ, ಮೊಸರು, ಸೊಪ್ಪು ಉಳಿದದ್ದನ್ನು ತುಂಬಿಕೊಡುತ್ತವೆ. ಖಾನಾವಳಿಯ ತಾಟಿನ ಅಂಚಿನಲ್ಲಿ ಸಾಲಾಗಿ ಕೂತ ಚಿಕ್ಕ ಚಿಕ್ಕ ಪದಾರ್ಥಗಳನ್ನು ಬಿಡದೆ ತಿನ್ನಿ ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ಖಾನಾವಳಿಗಳ ಹಿಂದೆ ಗಿರಣಿಗಳ ಕಥೆಯೂ ಇದೆ. ಸೊಲ್ಲಾಪುರಕ್ಕೆ 1877ರಲ್ಲಿ ಮೊದಲ ಬಟ್ಟೆ ಗಿರಣಿ ಬಂತು. ಗಿರಣಿ, ಮಗ್ಗಗಳ ಕೆಲಸಕ್ಕೆ ಹಳ್ಳಿಯಿಂದ ಒಂಟಿಯಾಗಿ ಬಂದ ಗಂಡಸರಿಗೆ ತಿಂಗಳ ಲೆಕ್ಕದಲ್ಲಿ ಊಟ ಹಾಕುವ ಮನೆಗಳು ಬೇಕಾದವು. ಗಿರಣಿಗಳು ಮುಚ್ಚಿದರೂ ಆ ಪದ್ಧತಿ ನಿಂತಿಲ್ಲ. ಇಂದು ಕಾಲೇಜು ಹುಡುಗರು, ಬಸ್ಸಿನ ಚಾಲಕರು, ರಾತ್ರಿಯೆಲ್ಲ ಲಾರಿಯಲ್ಲಿ ಉಳ್ಳಾಗಡ್ಡಿ ಹೇರಿಕೊಂಡು ಮಾರುಕಟ್ಟೆಗೆ ಬಂದ ರೈತರು ಖಾನಾವಳಿಗಳಲ್ಲಿ ಕೂತು ಉಣ್ಣುತ್ತಾರೆ. ಅಕ್ಕಲಕೋಟದಲ್ಲಿ ಸ್ವಾಮಿ ಸಮರ್ಥರ ದರ್ಶನಕ್ಕೆ ಬಂದವರಿಗೆ 1988ರಲ್ಲಿ ಶುರುವಾದ ಅನ್ನಛತ್ರವಿದೆ, ಊಟ ಪ್ರಸಾದವಾಗಿ ಸಿಗುತ್ತದೆ. ಅದನ್ನು ಉಂಡು ಬಂದವರೂ ಮರುದಿನ ಖಡಕ್ ರೊಟ್ಟಿ, ಚಟ್ನಿ ಕಟ್ಟಿಸಿಕೊಳ್ಳಲು ಪೇಟೆಗೆ ಬರುತ್ತಾರೆ.

ಇಷ್ಟೆಲ್ಲ ನಡೆಯುವುದು ಹೆಂಗಸರ ಭುಜದ ಬಲದ ಮೇಲೆ. ಮುಂಬಯಿಯ ಗಿರಣಿಗಾರರಿಗೆ ಊಟ ಹಾಕುತ್ತಿದ್ದ ಹೆಂಗಸರನ್ನು ಪ್ರೇಮಾ ಪುರವ್ 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳವಾಗಿ ಸಂಘಟಿಸಿದರು. ಬಡ್ಡಿಯವರ ಹಿಡಿತದಿಂದ ಬಿಡಿಸಿ ಬ್ಯಾಂಕಿನ ಸಾಲ ಕೊಡಿಸಿದರು. 1995ರಲ್ಲಿ ಬಂದ ಮಹಾರಾಷ್ಟ್ರದ ಸರ್ಕಾರ 1 ರೂಪಾಯಿಗೆ ಝುಣಕ–ಭಾಕರಿ ಕೊಡುವ ಯೋಜನೆ ಹೂಡಿತ್ತು, ಅದು ಬಹಳ ಕಾಲ ಬಾಳಲಿಲ್ಲ. ಸೊಲ್ಲಾಪುರದ ಸುತ್ತ ಈಗ ಸ್ವಸಹಾಯ ಸಂಘಗಳ ಹೆಂಗಸರು ಖಡಕ್ ರೊಟ್ಟಿ ಮಾಡಿ ಪುಣೆ, ಮುಂಬಯಿಗೆ ಕಳಿಸುತ್ತಾರೆ. ರೊಟ್ಟಿ ಬಡಿಯುವ ಕೈಗೆ ಸಿಗುವ ಕೂಲಿ ಅದರ ವಿದ್ಯೆಗೆ ತಕ್ಕಷ್ಟಿಲ್ಲ. ಖಾನಾವಳಿಯವರು ರೊಟ್ಟಿಯ ಬೆಲೆ ಏರಿಸಿದಾಗ ನಾವು ಗೊಣಗದೆ ಕೊಡಬೇಕು.

ಹೋಗುವುದಾದರೆ ಸಂಕ್ರಾಂತಿಯ ಆಸುಪಾಸು ಒಳ್ಳೆಯದು. ಸೊಲ್ಲಾಪುರದಲ್ಲಿ ಸಿದ್ಧರಾಮೇಶ್ವರನ ಗಡ್ಡೆ ಜಾತ್ರೆ ನಡೆಯುತ್ತಿರುತ್ತದೆ, ಭೋಗಿಗೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಯೂ ಸಿಗುತ್ತದೆ. ಹೊಲಗಳಲ್ಲಿ ಎಳೆ ಜೋಳದ ತೆನೆ ಸುಟ್ಟು ಸೀತನಿ ಮಾಡುವ ಕಾಲವೂ ಅದೇ. ರೊಟ್ಟಿಯ ರುಚಿಯೊಂದಕ್ಕೇ ಹೋಗುವವರು ಮಾರ್ಚ್ ಮುಗಿಯುವವರೆಗೆ ತಡೆಯಲಿ, ಆಗ ಹೊಸ ಜೋಳ ಗಿರಣಿಗೆ ಬಂದಿರುತ್ತದೆ. ಮಧ್ಯಾಹ್ನ ಒಂದು ಗಂಟೆಯ ಒಳಗೆ ಹೋಗಿ, ಒಲೆ ಕಾಣುವ ಕಡೆ ಕೂತು, ‘ಅಕ್ಕಾರ, ಮೆತ್ತಗಿನದು ಕೊಡ್ರಿ, ಒಂದೊಂದೇ ಹಾಕ್ರಿ’ ಎಂದು ಹೇಳಿ. ಎರಡನ್ನು ಒಟ್ಟಿಗೆ ಹಾಕಿಸಿಕೊಂಡರೆ ಕೆಳಗಿನದು ಬೆವತು ನಾರಾಗುತ್ತದೆ.