ಮೊಬೈಲ್ ಬ್ಯಾಟರಿ ಹೆಚ್ಚು ಕಾಲ ಬಾಳಬೇಕಾದರೆ

ನಡುರಾತ್ರಿ ಹಸು ಕರು ಹಾಕಲು ಕಷ್ಟಪಡುವಾಗ ಪಶುವೈದ್ಯರನ್ನು ಕರೆಯಲು ಮೊಬೈಲ್ ಬೇಕು. ಆಗ ಬ್ಯಾಟರಿ ಕೈಕೊಡಬಾರದು. ಪೂರ್ತಿ ಇಳಿಸಿಯೇ ಚಾರ್ಜಿಗೆ ಹಾಕಬೇಕೆಂಬ ಮಾತು ಹಳೆಯ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಯ ಕಾಲದ್ದು. ಈಗಿನ ಫೋನುಗಳಲ್ಲಿರುವುದು 1991ರಲ್ಲಿ ಮಾರುಕಟ್ಟೆಗೆ ಬಂದ ಲಿಥಿಯಂ-ಅಯಾನ್ ಬಗೆ. ಇದಕ್ಕೆ ಪೂರ್ತಿ ಬರಿದಾಗುವುದೂ ಸದಾ ತುಂಬಿರುವುದೂ ಒಳ್ಳೆಯದಲ್ಲ. ಸದಸ್ಯರು ಈ ಕೆಳಗಿನ ಅಂಶಗಳನ್ನು ಗಮನಿಸಬೇಕು.

1. ಶೇ. 20ಕ್ಕೆ ಇಳಿದಾಗ ಚಾರ್ಜಿಗೆ ಹಾಕಿ, ಶೇ. 80ರ ಸುಮಾರಿಗೆ ತೆಗೆಯಿರಿ. ಹಸುವಿಗೆ ದಿನ ತುಂಬಿದ್ದರೆ ಆ ರಾತ್ರಿ ಪೂರ್ತಿ ತುಂಬಿಸಿಕೊಳ್ಳಬಹುದು.

2. ಬಿಸಿಯೇ ಬ್ಯಾಟರಿಯ ದೊಡ್ಡ ಶತ್ರು. ಬಿಸಿಲಿನಲ್ಲಿ, ಒಲೆಯ ಬಳಿ ಫೋನು ಇಡಬೇಡಿರಿ. ದಿಂಬಿನ ಕೆಳಗಿಟ್ಟು ಚಾರ್ಜ್ ಮಾಡಬೇಡಿರಿ.

3. ಉಬ್ಬಿದ ಬ್ಯಾಟರಿಯನ್ನು ಚುಚ್ಚಬೇಡಿರಿ, ತಿಪ್ಪೆಗೆ ಎಸೆಯಬೇಡಿರಿ. ಬೆಂಕಿ ಹತ್ತುವ ಅಪಾಯವಿದೆ. ಕೂಡಲೇ ರಿಪೇರಿ ಅಂಗಡಿಯಲ್ಲಿ ಬದಲಾಯಿಸಿರಿ.