ಚಿಗರಿ ಹೋಯಿತು, ಉರುಲಿನ ವಿದ್ಯೆಯೂ ಹೊರಟಿತು

ಉತ್ತರ ಕರ್ನಾಟಕದ ಮಾತಿನಲ್ಲಿ ಚಿಗರಿ ಎಂದರೆ ಕೃಷ್ಣಮೃಗ. ಹರಣ ಎಂದರೆ ಜಿಂಕೆ, ಫಾಸೆ ಎಂದರೆ ಉರುಲು. ಈ ಮೂರು ಪದಗಳಿಂದ ಹುಟ್ಟಿದ ಹೆಸರುಗಳೇ ಚಿಗರಿಬೇಟೆಗಾರ, ಹರಣಶಿಕಾರಿ, ಫಾಸೆ ಪಾರ್ಧಿ. ದಕ್ಷಿಣದ ಜಿಲ್ಲೆಗಳಲ್ಲಿ ಹಕ್ಕಿಪಿಕ್ಕಿಗಳಿದ್ದಾರೆ. ಅವರ ಹೆಸರಿನಲ್ಲೂ ಕಸುಬೇ ಇದೆ. ಹಕ್ಕಿಪಿಕ್ಕಿಗಳ ಮನೆಮಾತು ವಾಗ್ರಿ. ಗುಜರಾತಿಗೆ ಹತ್ತಿರದ ಈ ಭಾಷೆಗೆ ಸ್ವಂತ ಲಿಪಿಯಿಲ್ಲ. ಹಿರಿಯರು ಬಾಯಿಬಿಟ್ಟು ಹೇಳಿದ್ದಷ್ಟೇ ಅದರ ಗ್ರಂಥ.

ಈ ಹಿರಿಯರ ವಿದ್ಯೆ ಸಾಮಾನ್ಯದ್ದಲ್ಲ. ಚಿಗರಿ ಹಿಂಡು ಓಡುವ ದಾರಿಯನ್ನು ಮೊದಲೇ ಊಹಿಸಿ, ಗೂಟ ನೆಟ್ಟು, ಸಾಲಾಗಿ ಉರುಲು ಕಟ್ಟಿ, ಹಿಂಡನ್ನು ಅತ್ತ ಅಟ್ಟಬೇಕು. ಗೌಜಲಹಕ್ಕಿಗೆ ಬೇರೆಯೇ ಉಪಾಯ. ಸಾಕಿದ ಗಂಡುಹಕ್ಕಿಯನ್ನು ಪಂಜರದಲ್ಲಿಟ್ಟು ಹೊಲದಂಚಿನಲ್ಲಿ ಇಡುತ್ತಾರೆ. ಅದು ಕೂಗಿದರೆ ಕಾಡಿನ ಗಂಡು 'ನನ್ನ ನೆಲಕ್ಕೆ ಬಂದವನಾರು' ಎಂಬಂತೆ ಜಗಳಕ್ಕೆ ಬಂದು ಉರುಲಿಗೆ ಕಾಲು ಕೊಡುತ್ತದೆ. ಪ್ರಾಣಿಯ ಸ್ವಭಾವ ತಿಳಿಯದವನಿಗೆ ಇದು ದಕ್ಕುವ ಕೆಲಸವಲ್ಲ.

ಆದರೆ ಕಾನೂನು ಇಂಥ ಅಲೆಮಾರಿಗಳನ್ನು ಕಂಡ ಬಗೆಯೇ ಬೇರೆ. 1871ರಲ್ಲಿ ಬ್ರಿಟಿಷರು ತಂದ ಕ್ರಿಮಿನಲ್ ಬುಡಕಟ್ಟುಗಳ ಕಾಯ್ದೆಯ ಪ್ರಕಾರ, ಪಟ್ಟಿಗೆ ಸೇರಿದ ಸಮುದಾಯದಲ್ಲಿ ಹುಟ್ಟುವುದೇ ಅಪರಾಧ. ಮುಂಬಯಿ ಪ್ರಾಂತ್ಯದ ಹುಬ್ಬಳ್ಳಿ, ಗದಗ, ವಿಜಾಪುರಗಳಲ್ಲಿ ತಂತಿಬೇಲಿಯ ಸೆಟ್ಲ್‌ಮೆಂಟುಗಳು ಎದ್ದವು. ಆ ಕಾಯ್ದೆ 1952ರಲ್ಲಿ ರದ್ದಾಯಿತು. ಕೇವಲ ಇಪ್ಪತ್ತು ವರ್ಷದ ನಂತರ, 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಿತು. ಚಿಗರಿ ಅದರ ಮೊದಲ ಪಟ್ಟಿಯಲ್ಲಿ ಸೇರಿತು. 1991ರ ತಿದ್ದುಪಡಿ ಪರವಾನಗಿಯ ಬೇಟೆಗೂ ತೆರೆ ಎಳೆಯಿತು. ಹುಟ್ಟಿನ ಅಪರಾಧ ಕಳೆದವರಿಗೆ ಈಗ ಕಸುಬೇ ಅಪರಾಧವಾಯಿತು.

ಕಾನೂನು ಬೇಕಿರಲಿಲ್ಲವೆಂದು ಹೇಳಲಾಗದು. ಬಂದೂಕು, ಜೀಪು, ಉಳುಮೆ ಎಲ್ಲ ಸೇರಿ ಬಯಲಿನ ಚಿಗರಿಗಳನ್ನು ಮುಗಿಸುತ್ತ ಬಂದಿದ್ದವು. ಉಳಿದವನ್ನು ಕಾಯಲೆಂದೇ 1974ರಲ್ಲಿ ರಾಣೆಬೆನ್ನೂರು ಅಭಯಾರಣ್ಯವಾಯಿತು. ಕಮಲಾಪುರದ ಬಳಿ ದರೋಜಿಯಲ್ಲಿ 1994ರಿಂದ ಕರಡಿಗಳಿಗೆ ನೆಲೆ ದೊರೆತಿದೆ. ಆದರೆ ಪ್ರಾಣಿಗೆ ನೆಲ ಕೊಟ್ಟ ಹೊತ್ತಿನಲ್ಲಿ, ಬೇಟೆ ಬಿಟ್ಟ ಮನುಷ್ಯನಿಗೆ ಏನು ಕೊಟ್ಟೆವು?

ಅಲಾಸ್ಕಾ ಮತ್ತು ವಾಯವ್ಯ ಕೆನಡಾದ ಗ್ವಿಚಿನ್ ಜನರೂ ಹಿಮಸಾರಂಗದ ಬೇಟೆ, ತುಪ್ಪಳಕ್ಕಾಗಿ ಉರುಲು ಇವುಗಳಿಂದಲೇ ಬದುಕಿದವರು. ಅವರ ಬೇಟೆಯ ಹಕ್ಕನ್ನು 1992ರ ಒಪ್ಪಂದದಲ್ಲಿ ಕೆನಡಾ ಸರ್ಕಾರ ಮಾನ್ಯ ಮಾಡಿತು. ಹಿರಿಯರು ಬಲ್ಲ ಸ್ಥಳನಾಮ, ಕಥೆಗಳನ್ನು ದಾಖಲಿಸುವ ಕೆಲಸವೂ ಅಲ್ಲಿ ನಡೆದಿದೆ. ವಿರಳ ಜನವಸತಿಯ ಆ ನಾಡಿನ ಹಕ್ಕನ್ನು ನಮ್ಮ ಬಯಲಿಗೆ ಹಾಗೆಯೇ ತರಲಾಗದು, ನಿಜ. ದಾಖಲಿಸುವುದಕ್ಕೆ ಮಾತ್ರ ಯಾವ ಅಡ್ಡಿಯೂ ಇಲ್ಲ.

ವಿದ್ಯೆಗೆ ಹೊಸ ಕೆಲಸ ಕೊಟ್ಟ ಉದಾಹರಣೆ ನಮ್ಮ ದೇಶದಲ್ಲೇ ಇದೆ. ಹಕ್ಕಿಗಳ ವಲಸೆ ತಿಳಿಯಲು ಅವುಗಳ ಕಾಲಿಗೆ ಉಂಗುರ ತೊಡಿಸುವ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ, ಅವುಗಳನ್ನು ಗಾಯವಾಗದಂತೆ ಹಿಡಿದುಕೊಟ್ಟವರಲ್ಲಿ ಬಿಹಾರದ ಮೀರ್‌ಶಿಕಾರ್ ಸಮುದಾಯದ ಆಲಿ ಹುಸೇನ್ ಹೆಸರಾದವರು. ಕೊಲ್ಲಲು ಕಲಿತ ಉರುಲು ಅಲ್ಲಿ ಕಾಯಲು ಬಂದಿತು.

ನಮ್ಮ ಹರಣಶಿಕಾರಿ, ಹಕ್ಕಿಪಿಕ್ಕಿ ಮಕ್ಕಳು ಈಗ ಶಾಲೆಗೆ, ವ್ಯಾಪಾರಕ್ಕೆ, ಕೂಲಿಗೆ ಹೊರಟಿದ್ದಾರೆ. ಅವರು ಮತ್ತೆ ಬಲೆ ಹಿಡಿಯಬೇಕಿಲ್ಲ. ಹೆಜ್ಜೆ ನೋಡಿ ಪ್ರಾಣಿಯ ಗುರುತು ಹೇಳುವ ಅಜ್ಜಂದಿರನ್ನು ಕೂರಿಸಿಕೊಂಡು ಕೇಳಿ ಬರೆದಿಡುವುದಕ್ಕೆ ಮಾತ್ರ ಹೆಚ್ಚು ಕಾಲ ಉಳಿದಿಲ್ಲ.