ಆರೋಗ್ಯ ಖಾತೆಯ ಹಣದಲ್ಲಿ ಮನೆಗೊಂದು ಸೌನಾ

ಅಮೆರಿಕದಲ್ಲಿ 2003ರ ಕಾನೂನಿನಿಂದ ರೂಪುಗೊಂಡ ಆರೋಗ್ಯ ಉಳಿತಾಯ ಖಾತೆ, ಅಂದರೆ ಎಚ್‌ಎಸ್‌ಎ, ವಿಮೆ ನೆರವಿಗೆ ಬರುವ ಮುನ್ನ ರೋಗಿಯೇ ದೊಡ್ಡ ಮೊತ್ತ ಭರಿಸಬೇಕಾದ ಯೋಜನೆಗಳನ್ನು ಹೊಂದಿದವರಿಗೆ ಮೀಸಲಾಗಿದ್ದು, ಅದಕ್ಕೆ ಸೇರುವ ಹಣದ ಮೇಲೆ ಕೇಂದ್ರ ಆದಾಯ ತೆರಿಗೆ ಬೀಳುವುದಿಲ್ಲ. ಉದ್ಯೋಗದಾತರ ಮೂಲಕ ನಡೆಯುವ ಎಫ್‌ಎಸ್‌ಎ ಎಂಬ ಖಾತೆಗೂ ಇಂಥದೇ ತೆರಿಗೆ ವಿನಾಯಿತಿ ಇದೆ.

ಈ ಹಣದಿಂದ ರಕ್ತದೊತ್ತಡ ಮಾಪಕ ಕೊಳ್ಳಲು ಅಡ್ಡಿಯಿಲ್ಲ; ಆದರೆ ಸೌನಾ, ಟ್ರೆಡ್‌ಮಿಲ್‌ಗಳ ವಿಷಯ ಜಟಿಲವಾದುದು. ತೆರಿಗೆ ಸಂಹಿತೆಯ 213ನೇ ವಿಧಿಯ ಪ್ರಕಾರ ವೆಚ್ಚವು ಕಾಯಿಲೆಯ ಪತ್ತೆ, ಚಿಕಿತ್ಸೆ ಅಥವಾ ತಡೆಗೆ ಸಂಬಂಧಿಸಿರಬೇಕೇ ಹೊರತು ಸಾಮಾನ್ಯ ಸ್ವಾಸ್ಥ್ಯಕ್ಕಲ್ಲ. ಆದ್ದರಿಂದಲೇ ಇಂಥ ಉಪಕರಣಗಳಿಗೆ ವೈದ್ಯಕೀಯ ಅಗತ್ಯ ಪತ್ರವನ್ನು, ಎಂದರೆ ವೈದ್ಯರು ನಿರ್ದಿಷ್ಟ ಕಾಯಿಲೆಯನ್ನೂ ಅದಕ್ಕೆ ಆ ಉಪಕರಣ ಏಕೆ ಬೇಕೆಂಬುದನ್ನೂ ಬರೆದುಕೊಡುವ ದಾಖಲೆಯನ್ನು, ಕೇಳಲಾಗುತ್ತದೆ.

ಆನ್‌ಲೈನ್ ಪ್ರಶ್ನಾವಳಿ ತುಂಬಿದೊಡನೆ ಇಂಥ ಪತ್ರ ಒದಗಿಸುವ ವ್ಯಾಪಾರ ಹರಡಿರುವುದು ನಿಜಕ್ಕೂ ಕಳವಳದ ಸಂಗತಿ. ಗ್ರಾಹಕರು ತಾವೇ ಹೇಳಿಕೊಂಡ ಮಾಹಿತಿಯನ್ನಷ್ಟೇ ಆಧರಿಸಿದ ಪತ್ರದಿಂದ ವ್ಯಾಯಾಮದ ವೆಚ್ಚ ವೈದ್ಯಕೀಯ ವೆಚ್ಚವಾಗದೆಂದು ಅಲ್ಲಿನ ತೆರಿಗೆ ಇಲಾಖೆಯಾದ ಐಆರ್‌ಎಸ್ 2024ರ ಮಾರ್ಚ್‌ನಲ್ಲಿ ಎಚ್ಚರಿಸಿದೆ. ಖರೀದಿ ಅನರ್ಹವೆಂದು ತೀರ್ಮಾನವಾದರೆ, ಎಚ್‌ಎಸ್‌ಎಯಿಂದ ತೆಗೆದ ಮೊತ್ತಕ್ಕೆ ಕೊಂಡವರೇ ಆದಾಯ ತೆರಿಗೆಯನ್ನೂ, 65 ವರ್ಷ ತುಂಬದಿದ್ದಲ್ಲಿ ಸಾಮಾನ್ಯವಾಗಿ ಶೇ 20ರಷ್ಟು ಹೆಚ್ಚುವರಿ ತೆರಿಗೆಯನ್ನೂ ತೆರಬೇಕಾಗುತ್ತದೆ.